ಕ್ಯಾರಿಯರ್‌ನ ನಾಲ್ಕು ನಟ್ಟು

ಹೈಸ್ಕೂಲಿನ ಮುಂದೆ ಲಾರಿಯಿಂದ ಸೈಕಲ್ ಇಳಿಸುವುದನ್ನು ನೋಡುತ್ತ ನಿಂತಾಗಲೇ ನನಗೆ ಗೊತ್ತಾಯಿತು, ಇವನ್ನು ಜೋಡಿಸಿದವನು ಸೈಕಲ್ ತುಳಿಯುವವನಲ್ಲ ಎಂದು. ಒಂದರ ಹ್ಯಾಂಡಲ್ ಆ ಕಡೆ ನೋಡುತ್ತಿತ್ತು, ಚಕ್ರ ಈ ಕಡೆ. ಇನ್ನೊಂದನ್ನು ನೆಲಕ್ಕೆ ಇಟ್ಟ ಕೂಡಲೇ ಪೆಡಲು ಕಳಚಿ ಬಿತ್ತು. ಇಳಿಸುತ್ತಿದ್ದವನು ಅದನ್ನು ಎತ್ತಿ ಬುಟ್ಟಿಗೆ ಹಾಕಿ ಮುಂದಿನದಕ್ಕೆ ಕೈ ಹಾಕಿದ.

ಸರ್ಕಾರದವರು ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಹೊಸತು. ನನ್ನ ಅಂಗಡಿ ಗುಂಡ್ಲುಪೇಟೆಯಿಂದ ಹಂಗಳದ ಕಡೆ ಹೋಗುವ ದೊಡ್ಡ ರಸ್ತೆಗೆ ಕಾಡಂಚಿನ ಒಂದು ಮಣ್ಣು ರಸ್ತೆ ಬಂದು ಸೇರುವ ಜಾಗದಲ್ಲಿತ್ತು. ನಮ್ಮ ಯಜಮಾನರು ಇಟ್ಟಿದ್ದ ಬಾಡಿಗೆ ಸೈಕಲ್ ಅಂಗಡಿ. ಅವರು ಹೋದ ಮೇಲೆ ನಾನು ಮುಚ್ಚಲಿಲ್ಲ. ಅಷ್ಟು ಗೊತ್ತಿದ್ದರೆ ಸಾಕು. ನಾನು ಹೇಳಬೇಕಾಗಿರುವುದು ಆ ಒಂದು ಮಳೆಗಾಲದ ಕೆಲಸದ ವಿಷಯ.

ಮಾರನೇ ದಿನ ಹೈಸ್ಕೂಲಿನ ಹೆಡ್‌ಮೇಷ್ಟ್ರು ಅಂಗಡಿಗೆ ಬಂದರು.

"ಅಮ್ಮ, ಹೆಣ್ಮಕ್ಕಳಿಗೆ ಇಪ್ಪತ್ತೆರಡು ಸೈಕಲ್ ಬಂದಿವೆ. ಮಕ್ಕಳ ಕೈಗೆ ಕೊಡೋ ಮುಂಚೆ ಒಂದು ಸಲ ನೋಡಿಕೊಡ್ತೀರಾ?"

"ಪ್ಯಾಟೇಲಿ ದೊಡ್ ದೊಡ್ ಅಂಗ್ಡಿ ಅವಲ್ಲ ಮೇಷ್ಟ್ರೇ."

"ಕೇಳ್ದೆ. ಹೆಣ್ಮಕ್ಕಳ ಸೈಕಲ್ ತಾನೆ, ಗಾಳಿ ಇದ್ರೆ ಸಾಕು ಅಂದ್ರು."

"ಅಂಗಂದೋನು ಒಂದ್ಸಲ ಅದ್ರ ಮೇಲೆ ಕುಂತು ಈ ಮಣ್ ರಸ್ತೇಲಿ ಓಗ್ಬುಟ್ಟು ಬರ್ಲಿ. ಆಮೇಲೆ ಬಾಯೊಳಗೆ ಅಲ್ಲು ಎಣಿಸ್ಕಳ್ಳಿ."

ಶಾಲೆಯ ಜಗಲಿಯ ಮೇಲೆ ನಾಲ್ಕು ದಿನ ಕುಳಿತೆ. ಮೊದಲು ಎಲ್ಲ ಚಕ್ರಗಳನ್ನೂ ಎತ್ತಿ ತಿರುಗಿಸಿದೆ. ಇಪ್ಪತ್ತೆರಡರಲ್ಲಿ ಓಲಾಡದೆ ತಿರುಗಿದ್ದು ಮೂರು. ಚಕ್ರದ ಕಡ್ಡಿಗಳನ್ನು ಬೆರಳಲ್ಲಿ ಮೀಟಿದರೆ ಒಂದು ಟಣ್ ಅನ್ನುತ್ತಿತ್ತು, ಪಕ್ಕದ್ದು ಸತ್ತ ಹಾಗೆ ಸುಮ್ಮನಿರುತ್ತಿತ್ತು. ಸುಮ್ಮನಿರುವ ಕಡ್ಡಿಯನ್ನು ಬಿಗಿ ಮಾಡಬೇಕು, ಹೆಚ್ಚು ಕೂಗುವುದನ್ನು ಸಡಿಲ ಮಾಡಬೇಕು, ಎಲ್ಲ ಒಂದೇ ದನಿ ಬರುವ ತನಕ. ಹಿಂದಿನ ಚಕ್ರಕ್ಕೆ ನಲವತ್ತು ಕಡ್ಡಿ, ಮುಂದಿನದಕ್ಕೆ ಮೂವತ್ತೆರಡು. ಆಮೇಲೆ ಅಚ್ಚು ಬಿಚ್ಚಿ ಒಳಗಿನ ಬೇರಿಂಗ್ ಗುಂಡು ನೋಡಿದೆ. ಕೆಲವುಗಳಲ್ಲಿ ಗ್ರೀಸೇ ಇರಲಿಲ್ಲ. ಪೆಡಲಿನ ತೋಳನ್ನು ಹಿಡಿಯುವ ಪಿನ್ನನ್ನು ಸುತ್ತಿಗೆಯಲ್ಲಿ ಒಂದು ಸಲ ತಟ್ಟಿ ಬಿಟ್ಟಿದ್ದರು. ಎಲ್ಲವನ್ನೂ ತೆಗೆದು, ಅರದಿಂದ ಉಜ್ಜಿ, ಮತ್ತೆ ಬಡಿದು ಕೂರಿಸಿದೆ.

ಕೊನೆಗೆ ಸೀಟು. ಒಬ್ಬೊಬ್ಬಳನ್ನೇ ಕರೆದು ಕೂರಿಸಿ, ಎರಡೂ ಕಾಲಿನ ಬೆರಳು ನೆಲ ಮುಟ್ಟುವ ಎತ್ತರಕ್ಕೆ ಇಳಿಸಿ, ಸೀಟಿನ ಕೊಳವೆ ಎಲ್ಲಿ ಒಳಗೆ ಇಳಿಯುತ್ತದೋ ಅಲ್ಲಿ ಅರದಿಂದ ಒಂದು ಗೆರೆ ಎಳೆದೆ. ಸೀಟು ಜಾರಿದರೆ ಗೆರೆ ಒಳಗೆ ಹೋಗಿ ಮಾಯವಾಗುತ್ತದೆ, ಯಾರಾದರೂ ಎತ್ತಿದರೆ ಗೆರೆ ಮೇಲೆ ಬರುತ್ತದೆ. ಹುಡುಗಿ ತನ್ನ ಎತ್ತರವನ್ನು ತಾನೇ ನೋಡಿಕೊಳ್ಳಬಹುದು. ಹೆಡ್‌ಮೇಷ್ಟ್ರು ಅದನ್ನು ನೋಡಿ, "ಇದನ್ನು ಯಾರು ಹೇಳಿಕೊಟ್ಟರಮ್ಮ?" ಎಂದರು. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಓದಿದ್ದು ನಾಲ್ಕನೇ ತರಗತಿ. ಅಳತೆ ಬರೆದಿಡುವುದಕ್ಕಿಂತ ಗೆರೆ ಎಳೆಯುವುದು ನನಗೆ ಸುಲಭ.

ಇಪ್ಪತ್ತೆರಡರಲ್ಲಿ ಒಂಬತ್ತು ಸೈಕಲ್ ಆ ಮಣ್ಣು ರಸ್ತೆಯ ಕೊನೆಯಲ್ಲಿರುವ ಊರಿನವು. ಊರಿನ ಹೆಸರು ಬೇಡ. ನನ್ನ ಅಂಗಡಿಯಿಂದ ಐದು ಕಿಲೋಮೀಟರ್. ಮಧ್ಯದಲ್ಲಿ ಮುಕ್ಕಾಲು ಕಿಲೋಮೀಟರಿನಷ್ಟು ಎರಡೂ ಕಡೆ ಲಂಟಾನ ಪೊದೆ, ಅದರಾಚೆ ಕಾಡು. ಬಸ್ಸು ದಿನಕ್ಕೊಂದು, ಅದೂ ಬೆಳಿಗ್ಗೆ ಏಳಕ್ಕೆ ಮುಂಚೆ. ಆಮೇಲೆ ಒಂದು ಜೀಪು ಬರುತ್ತಿತ್ತು. ಒಳಗೆ ಹದಿನೈದು ಜನ, ಹಿಂದೆ ನೇತಾಡುವವರು ಐದು ಜನ. ಅದರಲ್ಲಿ ಬೆಳೆದ ಹೆಣ್ಣುಮಗಳನ್ನು ಯಾರು ಕಳಿಸುತ್ತಾರೆ. ಹಾಗಾಗಿ ಆ ಊರಿನ ಹುಡುಗಿಯರು ಊರಲ್ಲೇ ಏಳನೇ ತರಗತಿ ಮುಗಿಸಿ ನಿಂತುಬಿಡುತ್ತಿದ್ದರು. ಚೆಂಡುಮಲ್ಲಿಗೆ ಹೂ ಕೀಳಲು, ಅರಿಶಿನ ಕೀಳಲು ಹೋಗುತ್ತಿದ್ದರು. ನನ್ನ ಮೊಮ್ಮಗಳು ಅದೇ ವಯಸ್ಸು. ಚಾಮರಾಜನಗರದಲ್ಲಿ ಮನೆ ಮುಂದೆಯೇ ಬಸ್ಸು ಹತ್ತಿ ಶಾಲೆಗೆ ಹೋಗುತ್ತಿದ್ದಳು. ಅವಳಿಗೆ ಬಸ್ಸು ಇತ್ತು, ಇವರಿಗೆ ಇರಲಿಲ್ಲ. ನಡುವೆ ಇದ್ದ ವ್ಯತ್ಯಾಸ ಅಷ್ಟೆ. ಆ ವರ್ಷ ಸೈಕಲ್ ಬರುತ್ತದೆ ಅಂದದ್ದಕ್ಕೆ ಒಂಬತ್ತು ಜನ ಎಂಟನೇ ತರಗತಿಗೆ ಸೇರಿದ್ದರು.

ಒಂಬತ್ತು ಜನರಲ್ಲಿ ಸೈಕಲ್ ತುಳಿಯಲು ಬರುತ್ತಿದ್ದದ್ದು ಇಬ್ಬರಿಗೆ. ಉಳಿದವರಿಗೆ ನಾನೇ ಕಲಿಸಿದೆ. ಎರಡೂ ಪೆಡಲು ಬಿಚ್ಚಿಟ್ಟು, ಅಂಗಡಿ ಪಕ್ಕದ ಇಳಿಜಾರಿನಲ್ಲಿ ಬಿಟ್ಟೆ. ಕಾಲಿನಿಂದ ನೆಲ ಒದ್ದುಕೊಂಡು ಹೋಗಬೇಕು. ಕಾಲೆತ್ತಿ ಹತ್ತು ಮಾರು ಬೀಳದೆ ಹೋದವಳಿಗೆ ಪೆಡಲು ಹಾಕಿಕೊಡುತ್ತಿದ್ದೆ. ಹಿಂದೆ ಹಿಡಿದುಕೊಂಡು ಓಡುವ ವಯಸ್ಸು ನನ್ನದಲ್ಲ.

ಎಲ್ಲರಿಗಿಂತ ಕೊನೆಗೆ ಕಲಿತವಳು ಒಬ್ಬ ಉದ್ದನೆಯ ಹುಡುಗಿ. ಕೈಕಾಲೇ ಜಾಸ್ತಿ ಅವಳಿಗೆ. ಮೂರು ದಿನ ಬಿದ್ದಳು. ಬೇರೆಯವರು ನಗುತ್ತಿದ್ದರು.

"ಏನಮ್ಮಿ, ನೆಲದಲ್ಲಿ ಏನಾರ ಕಳ್ಕಂಡಿದ್ದೀಯಾ?" ಅಂದೆ.

ಮೊಣಕೈ ಒರೆಸಿಕೊಂಡು ಎದ್ದಳು. "ಬುಡಜ್ಜಿ. ಬೀಳದು ಕಲ್ತಾಯ್ತು. ಇನ್ ಏಳದು ಒಂದೇ ಬಾಕಿ."

ನಾಲ್ಕನೇ ದಿನ ಪೆಡಲು ಹಾಕಿಸಿಕೊಂಡಳು. ಐದನೇ ದಿನ ಅಂಗಡಿಯಲ್ಲೇ ಕೂತು ನಾನು ಪಂಕ್ಚರ್ ಹಾಕುವುದನ್ನು ನೋಡಿ, ನನಗೂ ಹೇಳಿಕೊಡಿ ಅಂದಳು. ಆ ರಸ್ತೆ ತುಂಬ ಜಾಲಿ ಮುಳ್ಳು. ಐದು ಕಿಲೋಮೀಟರ್ ಮಧ್ಯೆ ಗಾಳಿ ಹೋದರೆ ಯಾರನ್ನು ಕೇಳುವುದು. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆ ನೋಡುವುದು, ಅಲ್ಲಿ ಉಜ್ಜುವುದು, ಸೊಲ್ಯೂಷನ್ ಬಳಿದು ಒಣಗುವ ತನಕ ಕಾಯುವುದು. ಎಲ್ಲರೂ ತಪ್ಪು ಮಾಡುವುದು ಅಲ್ಲೇ, ಕಾಯುವುದಿಲ್ಲ. ಅವಳು ಕಾಯುತ್ತಿದ್ದಳು. ಒಂದು ಹಳೆಯ ಪಂಪು, ಎರಡು ಟೈರ್ ಲಿವರ್, ಒಂದು ಪಂಕ್ಚರ್ ಡಬ್ಬಿ ಅವಳ ಚೀಲಕ್ಕೆ ಹಾಕಿಕೊಟ್ಟೆ.

ಊರಿನ ದೊಡ್ಡವರು ಒಂದು ನಿಯಮ ಮಾಡಿದರು. ಒಂಬತ್ತೂ ಜನ ಒಟ್ಟಿಗೆ ಹೋಗಬೇಕು, ಒಟ್ಟಿಗೆ ಬರಬೇಕು. ಐದಕ್ಕಿಂತ ಕಡಿಮೆ ಆದರೆ ಆ ದಿನ ಯಾರೂ ಹೋಗಬಾರದು. ಆನೆಯ ಭಯ. ಅರಣ್ಯ ಇಲಾಖೆಯ ವಾಚರ್ ಒಬ್ಬ ಬಂದು, "ಆನೆ ಕಂಡ್ರೆ ನಿಂತ್ಕಳಿ, ಬೆಲ್ ಹೊಡೀಬೇಡಿ, ಅದರ ಪಾಡಿಗೆ ಅದು ದಾಟ್ಲಿ" ಎಂದು ಹೇಳಿ ಹೋದ. ಎರಡು ಸಲ ಕಂಡವು. ನಿಂತರು, ದಾಟಿದವು, ಶಾಲೆಗೆ ತಡವಾಯಿತು. ಅಷ್ಟೆ.

ಮಳೆ ಹಿಡಿದಾಗ ಕಪ್ಪು ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿಕೊಂಡು ಚಕ್ರ ತಿರುಗದಾಯಿತು. ಒಂಬತ್ತೂ ಸೈಕಲ್‌ಗೆ ಮಡ್‌ಗಾರ್ಡಿನ ಕಡ್ಡಿ ಬಿಚ್ಚಿ ಎರಡು ಬೆರಳು ಮೇಲೆತ್ತಿ ಕಟ್ಟಿದೆ. ವೇಲು ಚಕ್ರಕ್ಕೆ ಸಿಕ್ಕದ ಹಾಗೆ ಹಿಂದಿನ ಚಕ್ರಕ್ಕೆ ಎರಡೂ ಕಡೆ ಗೋಣಿ ದಾರದ ಬಲೆ ಹೆಣೆದೆ. ಆ ಎರಡು ತಿಂಗಳು ಬೆಳಿಗ್ಗೆ ಒಂಬತ್ತು ಕಾಲಿಗೆ ಒಂಬತ್ತು ಬೆಲ್ಲು ನನ್ನ ಅಂಗಡಿ ಮುಂದೆ ಹಾದು ಹೋಗುತ್ತಿದ್ದವು. ಕೈಯಲ್ಲಿ ಏನೇ ಕೆಲಸವಿದ್ದರೂ ಎಣಿಸುತ್ತಿದ್ದೆ.

ಆಗಸ್ಟ್ ಕೊನೆಗೆ ಉದ್ದನೆಯ ಹುಡುಗಿಯ ಅಪ್ಪ ಸೈಕಲ್ ತಳ್ಳಿಕೊಂಡು ಬಂದ. ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಎರಡು ಹಸು ಇಟ್ಟುಕೊಂಡಿದ್ದ.

"ದೊಡ್ಡವ್ವ, ಇದ್ಕೊಂದು ಗಟ್ಟಿ ಕ್ಯಾರಿಯರ್ ಹಾಕ್ಕೊಡಿ."

"ಯಾಕಪ್ಪ, ನಿನ್ ಮಗಳ ಪುಸ್ತಕ ಅಷ್ಟೊಂದು ಭಾರ ಆಗ್ಬುಟ್ಟವಾ?"

ನಕ್ಕ. "ಪುಸ್ತಕಕ್ಕಲ್ಲ ಕಣವ್ವ, ಹಾಲಿಗೆ. ಅವಳು ಎದ್ದು ಜಡೆ ಹಾಕ್ಕಳದ್ರೊಳಗೆ ಡೈರಿಗೆ ಹಾಕ್ಬುಟ್ಟು ಬತ್ತೀನಿ. ತಲೆ ಮೇಲೆ ಹೊತ್ಕಂಡು ನಡದ್ರೆ ಡೈರಿ ಬಾಗ್ಲು ಮುಚ್ಚಿರ್ತದೆ. ಜೀಪ್ನೋನು ಕ್ಯಾನು ಕಂಡ್ರೆ ಮಕ ತಿರುಗಿಸ್ತಾನೆ."

ಡೈರಿ ಇದ್ದದ್ದು ನನ್ನ ಅಂಗಡಿಯಿಂದ ಕೂಗಳತೆಯಲ್ಲಿ. ಆರೂವರೆಗೆ ಬಂದು ಎಂಟಕ್ಕೆ ಊರು ಸೇರಿಕೊಳ್ಳಬಹುದು. ಹುಡುಗಿಯರು ಹೊರಡುವುದು ಎಂಟೂವರೆಗೆ. ನನಗೆ ಮಾತು ಸರಿ ಅನ್ನಿಸಿತು. ಸರಿ ಅನ್ನಿಸಿದ್ದಷ್ಟೇ ಅಲ್ಲ, ಖುಷಿಯಾಯಿತು. ಒಂದು ಸೈಕಲ್, ಎರಡು ಕೆಲಸ. ಪೆಟ್ರೋಲ್ ಬೇಡ, ಜೀಪಿನವನ ಕಾಲು ಹಿಡಿಯುವುದು ಬೇಡ.

ಹುಡುಗಿಯರ ಸೈಕಲ್‌ನ ಹಿಂದಿನ ಚಕ್ರ ಎರಡು ಹಾಲಿನ ಕ್ಯಾನು ತಡೆಯುವುದಿಲ್ಲ. ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋಗಿ ದಪ್ಪ ಕಡ್ಡಿ ತಂದೆ. ನಲವತ್ತು ತೆಳು ಕಡ್ಡಿ ತೆಗೆದು ನಲವತ್ತು ದಪ್ಪ ಕಡ್ಡಿ ಹಾಕಿ ಚಕ್ರ ಹೊಸದಾಗಿ ಕಟ್ಟಿದೆ. ಎರಡು ದಿನದ ಕೆಲಸ. ಗುಂಡ್ಲುಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಕ್ಯಾರಿಯರ್ ಮಾಡಿಸಿ ನಾಲ್ಕು ನಟ್ಟಿನಲ್ಲಿ ಕೂರಿಸಿದೆ. ಎರಡು ನಟ್ಟು ಹಿಂದಿನ ಅಚ್ಚಿನಲ್ಲಿ, ಎರಡು ಸೀಟಿನ ಕೆಳಗೆ. ಪರೀಕ್ಷೆಗೆ ಇಬ್ಬರು ಗಂಡಸರನ್ನು ಅದರ ಮೇಲೆ ಕೂರಿಸಿದೆ. ಚಕ್ರ ಕೂದಲೆಳೆಯಷ್ಟೂ ಬಾಗಲಿಲ್ಲ. ಬಾಡಿಗೆ ಸೈಕಲ್‌ನ ಕಾಲದಲ್ಲೂ ಅಂಥ ಚಕ್ರ ನಾನು ಕಟ್ಟಿರಲಿಲ್ಲ.

"ಸೀಟು ಒಂಚೂರು ಎತ್ತಿ ದೊಡ್ಡವ್ವ, ಮಂಡಿ ಎದೆಗೆ ಹೊಡೀತದೆ" ಅಂದ. ಎತ್ತಿದೆ. ನಾನು ಎಳೆದ ಗೆರೆ ನಾಲ್ಕು ಬೆರಳು ಮೇಲೆ ಬಂತು. ಕಣ್ಣಿಗೆ ಬಿತ್ತು. ಅವಳು ಇಳಿಸಿಕೊಳ್ಳುತ್ತಾಳೆ ಬಿಡು ಅಂದುಕೊಂಡೆ. ಸೀಟಿನ ನಟ್ಟನ್ನು ಗಂಡಸಿನ ಭಾರಕ್ಕೆ ಬಿಗಿ ಮಾಡಿದ್ದವಳು ನಾನೇ. ಸ್ಪ್ಯಾನರ್ ಇಲ್ಲದೆ ಅದು ಇಳಿಯುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು.

ಅವನ ಸೈಕಲ್ ನೋಡಿ ಇನ್ನೊಬ್ಬ ಬಂದ, ಆಮೇಲೆ ಮತ್ತೊಬ್ಬ. ಸೆಪ್ಟೆಂಬರಿನಲ್ಲಿ ಒಂಬತ್ತರಲ್ಲಿ ಆರು ಸೈಕಲ್‌ಗೆ ಹಾಲಿನ ಕ್ಯಾರಿಯರ್ ಹಾಕಿದ್ದೆ. ಒಂದನ್ನೂ ಬೇಡ ಅನ್ನಲಿಲ್ಲ. ನನ್ನ ಕೆಲಸ ಚೆನ್ನಾಗಿದೆ ಅಂತ ಗಂಡಸರು ಬರುತ್ತಿದ್ದರು. ಮುದುಕಿ ಏನು ಮಾಡಿಯಾಳು ಅಂತ ಪೇಟೆಗೆ ಹೋಗುತ್ತಿದ್ದವರೇ ಅವರು.

ಆಮೇಲೆ ಬೆಲ್ಲು ಕಡಿಮೆಯಾದವು. ಮೊದಲು ಏಳು. ಒಂದು ದಿನ ಐದು. ಹಾಲಿನ ವ್ಯಾನ್ ತಡವಾಗಿ ಬಂದರೆ ಹಾಲು ಪರೀಕ್ಷೆ ಮಾಡುವವನು ತಡ, ಅವನು ತಡವಾದರೆ ಅಪ್ಪಂದಿರು ತಡ. ಅಪ್ಪ ಬಂದ ಮೇಲೆ ಸೈಕಲ್. ಸೈಕಲ್ ಸಿಕ್ಕಿದರೂ ಕಬ್ಬಿಣದ ಭಾರಕ್ಕೆ ಅದು ಹಿಂದಕ್ಕೆ ಎಳೆಯುತ್ತಿತ್ತು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಇಬ್ಬರು ಬಿದ್ದರು. ಒಬ್ಬಳು ಕೈ ಮುರಿದುಕೊಂಡಳು. ಗುಂಪು ನಾಲ್ಕಕ್ಕೆ ಇಳಿದ ದಿನ ನಿಯಮದ ಪ್ರಕಾರ ಯಾರೂ ಬರಲಿಲ್ಲ. ಅಂಥ ದಿನಗಳು ವಾರಕ್ಕೆ ಒಂದಿದ್ದದ್ದು ಮೂರಾದವು.

ದಸರಾ ರಜಕ್ಕೆ ಮುಂಚೆ ಹೆಡ್‌ಮೇಷ್ಟ್ರು ಬಂದು ನಿಂತರು. ಈ ಸಲ ಕೂರಲಿಲ್ಲ.

"ಅಮ್ಮ, ಸೈಕಲ್ ಕೊಟ್ಟಿದ್ದು ಹಾಲಿಗಲ್ಲ."

"ಹಾಲೂ ಬೇಕಲ್ಲ ಮೇಷ್ಟ್ರೇ."

"ಬೇಕು. ಆದ್ರೆ ಆ ಹುಡುಗಿಯರು ನಿಂತರೆ ಮತ್ತೆ ಬರಲ್ಲ. ಹಾಕಿದ್ದು ನೀವು. ಬಿಚ್ಚೋದೂ ನಿಮ್ಮಿಂದಲೇ ಆಗಬೇಕು. ನನ್ನ ಮಾತು ಅವರು ಕೇಳಲ್ಲ."

"ಆಯುಧಪೂಜೆ ಕಳೀಲಿ. ಅಂಗ್ಡಿ ತುಂಬ ಕೆಲ್ಸ ಅದೆ."

ಅದು ಸುಳ್ಳಲ್ಲ. ಆಯುಧಪೂಜೆಗೆ ಮುಂಚೆ ಸೈಕಲ್ ಅಂಗಡಿಯಲ್ಲಿ ತಲೆ ಎತ್ತಲು ಆಗುವುದಿಲ್ಲ. ಎಲ್ಲರಿಗೂ ಎಣ್ಣೆ, ಗ್ರೀಸು, ಬಣ್ಣ ಆಗಬೇಕು. ಆದರೆ ಅದಷ್ಟೇ ಕಾರಣವೂ ಅಲ್ಲ. ನಾನು ಕಟ್ಟಿದ ಆರು ಚಕ್ರಗಳನ್ನು ನಾನೇ ಬಿಚ್ಚುವುದು ನನಗೆ ಬೇಕಿರಲಿಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆ ಅಂಗಡಿ ತೊಳೆದು, ಸ್ಪ್ಯಾನರ್, ಅರ, ಸುತ್ತಿಗೆ, ಪಂಪು, ಟೈರ್ ಲಿವರ್ ಎಲ್ಲವನ್ನೂ ಒಂದು ಮಣೆಯ ಮೇಲೆ ಜೋಡಿಸಿ, ಅರಿಶಿನ ಕುಂಕುಮ ಇಟ್ಟು, ಹೂ ಹಾಕಿ, ಬೂದುಗುಂಬಳ ಒಡೆಸಿದೆ. ನಮ್ಮಲ್ಲಿ ಪೂಜೆಗಿಟ್ಟ ಸಾಮಾನನ್ನು ಮಾರನೇ ದಿನ ಮತ್ತೆ ಪೂಜೆ ಮಾಡಿ ಎತ್ತುವ ತನಕ ಮುಟ್ಟುವುದಿಲ್ಲ. ಅವಕ್ಕೂ ಒಂದು ದಿನ ರಜ. ನಮ್ಮ ಯಜಮಾನರ ಕಾಲದಿಂದಲೂ ಅದು ತಪ್ಪಿರಲಿಲ್ಲ.

ಮಧ್ಯಾಹ್ನ ಊಟ ಮಾಡಿ ಜಗಲಿಯ ಮೇಲೆ ಕೂತಿದ್ದೆ. ಒಂದೇ ಬೆಲ್ಲು ಕೇಳಿಸಿತು.

ಉದ್ದನೆಯ ಹುಡುಗಿ. ಒಬ್ಬಳೇ. ಸೈಕಲ್‌ಗೆ ಬಾಳೆಕಂದು ಕಟ್ಟಿತ್ತು, ಹ್ಯಾಂಡಲಿಗೆ ಹೂವಿನ ಹಾರ. ಸೀಟು ಎತ್ತರದಲ್ಲೇ ಇತ್ತು. ಇಳಿಯುವಾಗ ಒಂದು ಕಡೆ ವಾಲಿ ಹಾರಬೇಕಾಯಿತು.

"ಒಬ್ಳೇ ಬಂದ್ಯಾ? ಆ ಪೊದೆ ದಾರೀಲಿ?"

"ಪೂಜೆ ಆದ್ಮೇಲೆ ನಿಂಬೆಹಣ್ ಮೇಲೆ ಚಕ್ರ ಹತ್ತಿಸ್ಬುಟ್ಟು ಒಂದ್ ಸುತ್ತು ಓಡಿಸ್ಬೇಕಲ್ಲಜ್ಜಿ. ಅಪ್ಪ ನಂಗೆ ಕೊಡ್ತು. ಸುತ್ತು ಸಾಲ್ದು ಅಂತ ಇಲ್ಲೀಗಂಟ ಬಂದೆ."

ನಗು ಬಂತು ನನಗೆ. ಅವಳು ನಗಲಿಲ್ಲ.

"ಅಜ್ಜಿ, ಈ ಕ್ಯಾರಿಯರ್ ಬಿಚ್ಚಿ."

"ನಿಮ್ಮಪ್ಪ ಏನಂತಾನೆ?"

"ಅಪ್ಪಂಗೆ ನೀವೇ ಹೇಳಿ. ಚಕ್ರ ಭಾರ ತಡೀತಿಲ್ಲ, ಕಡ್ಡಿ ಮುರೀತವೆ, ಇದ್ರಲ್ಲಿ ಇನ್ನು ಹಾಲು ಹೊರಬೇಡ ಅಂತ. ನೀವ್ ಹೇಳಿದ್ರೆ ಕೇಳ್ತದೆ. ಸೈಕಲ್ ವಿಷ್ಯದಲ್ಲಿ ನಿಮ್ ಮಾತಿಗೆ ಯಾರೂ ಎದ್ರಾಡಕಿಲ್ಲ."

"ಕಡ್ಡಿ ಎಲ್ಲಮ್ಮಿ ಮುರ್ದದೆ? ನಾನ್ ಕಟ್ಟಿದ್ ಚಕ್ರ ಅದು."

"ಮುರ್ದಿಲ್ಲ. ಮುರ್ದದೆ ಅಂತ ಹೇಳಿ."

ಅವಳು ತಲೆ ತಗ್ಗಿಸಿಕೊಂಡು ಹಾರದ ಹೂ ಕಿತ್ತು ಕಿತ್ತು ಹಾಕುತ್ತಿದ್ದಳು.

"ತಾಳವಾಡಿ ಕಡೆಯಿಂದ ಸೋದರತ್ತೆ ಬಂದವ್ರೆ. ಅವರ ಸೊಸೆ ಬಾಣಂತಿ, ಮಗು ನೋಡ್ಕಳಕೆ ಯಾರೂ ಇಲ್ವಂತೆ. ವಾರಕ್ಕೆ ಎರಡು ದಿನ ಸ್ಕೂಲಿಗೆ ಓಗೋಳು ಇಲ್ಲಿದ್ದು ಏನ್ ಮಾಡ್ತಾಳೆ, ಕಳ್ಸು ಅಂತವ್ರೆ. ದಿನಾ ಓಯ್ತೀನಿ ಅಂತ ಅಪ್ಪಂಗೆ ತೋರಿಸ್ಬೇಕು. ಸೈಕಲ್ ಸಿಕ್ಕಿದ್ರೆ ಓಯ್ತೀನಲ್ಲಜ್ಜಿ."

ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ನನಗೆ ಗೊತ್ತಿರಲಿಲ್ಲ ಅಂತ ನಾನು ಯಾರ ಹತ್ತಿರವೂ ಹೇಳುವ ಹಾಗಿಲ್ಲ.

ಮಣೆಯ ಕಡೆ ನೋಡಿದೆ. ಹಿಂದಿನ ಚಕ್ರದ ನಟ್ಟಿನ ಸ್ಪ್ಯಾನರ್ ಮೇಲೇ ಇತ್ತು, ಕುಂಕುಮ ಇಟ್ಟುಕೊಂಡು.

"ಇವತ್ತು ಸಾಮಾನು ಮುಟ್ಟಂಗಿಲ್ಲ ಕಣಮ್ಮಿ. ನಾಳೆ ಮಧ್ಯಾಹ್ನದ ಮೇಲೆ ಬಾ, ನೋಡಣ."

"ನಾಳೆ ಸೈಕಲ್ ನನ್ ಕೈಗೆ ಸಿಕ್ಕಕಿಲ್ಲ."

"ಸಿಗ್ತದೆ ಬುಡು. ಅಪ್ಪಂಗೆ ನಾನ್ ಕರೀತೀನಿ ಅಂತ ಹೇಳು."

ಅವಳು ಒಂದು ಕಲ್ಲಿನ ಪಕ್ಕ ಸೈಕಲ್ ನಿಲ್ಲಿಸಿಕೊಂಡು, ಕಲ್ಲು ಹತ್ತಿ, ಅಲ್ಲಿಂದ ಸೀಟಿಗೆ ಏರಿ ಹೋದಳು. ಹೂವಿನ ಹಾರ ಮುಂದಿನ ಚಕ್ರಕ್ಕೆ ಸಿಕ್ಕಿ ಸ್ವಲ್ಪ ದೂರದಲ್ಲೇ ಹರಿದು ಬಿತ್ತು. ಪೊದೆಯ ದಾರಿಯಲ್ಲಿ ಒಬ್ಬಳೇ ಹೋಗುತ್ತಿದ್ದಾಳೆ ಎಂದು ಪಕ್ಕದ ಟೀ ಅಂಗಡಿಯವನನ್ನು ಹಿಂದೆ ಕಳಿಸಿದೆ. ಆ ಬುದ್ಧಿ ಮಾತ್ರ ಇತ್ತು.

ಇದನ್ನು ಬೇರೆಯವರಿಗೆ ಹೇಳಿದಾಗ, ಪೂಜೆಗಿಟ್ಟ ಸಾಮಾನು ಹೇಗೆ ಮುಟ್ಟುತ್ತೀರಿ, ನಿಮ್ಮ ತಪ್ಪೇನು ಅನ್ನುತ್ತಾರೆ. ಅದು ನೆಪ. ನಮ್ಮ ಯಜಮಾನರೇ ಒಂದು ಸಲ ಆಯುಧಪೂಜೆ ದಿನ ಆಸ್ಪತ್ರೆಗೆ ಹೋಗುವವನ ಸೈಕಲ್‌ಗೆ ಚೈನು ಹಾಕಿಕೊಟ್ಟಿದ್ದರು. ಕೈ ಮುಗಿದು ಎತ್ತಿಕೊಂಡರು, ಮುಗಿಯಿತು. ನನಗೆ ಕಷ್ಟವಾದದ್ದು ಸ್ಪ್ಯಾನರ್ ಎತ್ತುವುದಲ್ಲ. ನಾನು ಕಟ್ಟಿದ ಚಕ್ರ ಭಾರ ತಡೆಯುವುದಿಲ್ಲ ಎಂದು ನನ್ನ ಬಾಯಿಂದ ನಾನೇ ಹೇಳುವುದು. ಆ ಊರಿನ ಗಂಡಸರ ಮುಂದೆ. ಮುದುಕಿಯ ಚಕ್ರ ಎರಡು ತಿಂಗಳೂ ಬಾಳಿಕೆ ಬರಲಿಲ್ಲ ಅಂತ ಅವರು ಪೇಟೆಯಲ್ಲಿ ಆಡಿಕೊಳ್ಳುವುದು. ಅದಕ್ಕೆ ಮನಸ್ಸು ಬರಲಿಲ್ಲ.

ಮಾರನೇ ದಿನ ಅವಳು ಬರಲಿಲ್ಲ. ಅವಳ ಅಪ್ಪನೂ ಬರಲಿಲ್ಲ. ಸಾಮಾನು ಎತ್ತಿ ಕೆಲಸಕ್ಕೆ ಕೂತೆ. ಬಿಚ್ಚಬೇಕು, ಹೋಗಬೇಕು ಅಂದುಕೊಳ್ಳುತ್ತಲೇ ನಾಲ್ಕು ದಿನ ಕಳೆಯಿತು. ಆ ನಾಲ್ಕು ದಿನದಲ್ಲಿ ಒಂದು ಲೆಕ್ಕಾಚಾರ ಮನಸ್ಸಿಗೆ ಬಂತು. ಬರೀ ಕ್ಯಾರಿಯರ್ ಬಿಚ್ಚಿದರೆ ಹಾಲು ನಿಲ್ಲುತ್ತದೆ, ಬಿಚ್ಚಿದ ಮಾರನೇ ದಿನ ಬೇರೆ ಅಂಗಡಿಯಲ್ಲಿ ಹಾಕಿಸಿಕೊಳ್ಳುತ್ತಾರೆ. ಹಾಲಿಗೆ ಬೇರೆ ಸೈಕಲ್ ಕೊಡಬೇಕು. ನನ್ನ ಅಂಗಡಿಯ ಹಿಂದೆ ಬಾಡಿಗೆಯ ಕಾಲದ ಎಂಟು ಕರಿ ಸೈಕಲ್ ಬಿದ್ದಿದ್ದವು. ಮೊಪೆಡ್ ಬಂದ ಮೇಲೆ ಯಾರೂ ಕೇಳುತ್ತಿರಲಿಲ್ಲ. ಗಂಡಸರ ಸೈಕಲ್, ಗಟ್ಟಿ ಸೈಕಲ್. ಕಣ್ಣ ಮುಂದೆಯೇ ಇದ್ದವು. ಆಗಸ್ಟಿನಲ್ಲಿ ಅವನು ಮೊದಲು ಬಂದು ಕೇಳಿದ ದಿನವೇ ಒಂದನ್ನು ತಳ್ಳಿ ಕೊಟ್ಟಿದ್ದರೆ ಮುಗಿದು ಹೋಗುತ್ತಿತ್ತು.

ಅವುಗಳಲ್ಲಿ ಆರಕ್ಕೆ ಟೈರು ಟ್ಯೂಬು ಹಾಕಿ, ಎಣ್ಣೆ ಕೊಟ್ಟು, ಒಂದು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಆ ಊರಿಗೆ ಹೋದೆ. ಶಾಲೆ ಬಾಗಿಲು ತೆರೆಯಲು ಎರಡು ದಿನ ಇತ್ತು. ಗಂಡಸರು ಅರಳಿಕಟ್ಟೆಯಲ್ಲಿ ಸೇರಿದರು.

"ಏನ್ ದೊಡ್ಡವ್ವ, ಅಂಗ್ಡೀನೇ ತಕ್ಕೊಂಡು ಬಂದ್ಬುಟ್ರಾ?"

"ನಾನ್ ಕಟ್ಟಿದ್ ಚಕ್ರ ಸರಿಯಾಗಿಲ್ಲ" ಅಂದೆ. "ಹೆಣ್ಮಕ್ಕಳ ಸೈಕಲ್ ಚೌಕಟ್ಟೇ ಭಾರಕ್ಕಲ್ಲ. ಹಾಕ್ಬಾರ್ದಾಗಿತ್ತು, ಹಾಕ್ಬುಟ್ಟೆ. ಹಾಲಿಗೆ ಇವನ್ನ ಇಟ್ಕಳಿ. ಬಾಡಿಗೆ ಬೇಡ, ಏನೂ ಬೇಡ. ಅವನ್ನ ಮಕ್ಕಳಿಗೆ ಬುಡಿ."

ಹೇಳುವುದು ಅಷ್ಟು ಸುಲಭವಿತ್ತು. ಯಾರೂ ಆಡಿಕೊಳ್ಳಲಿಲ್ಲ. ಒಬ್ಬ ಕರಿ ಸೈಕಲ್‌ನ ಚೌಕಟ್ಟು ತಟ್ಟಿ ನೋಡಿ, "ಇದು ಕಬ್ಬಿಣ ಅಂದ್ರೆ" ಅಂದ. ಕ್ಯಾರಿಯರ್ ಬಿಚ್ಚಿ ಬಿಚ್ಚಿ ಕರಿ ಸೈಕಲ್‌ಗೆ ಹಾಕುತ್ತಾ ಹೋದೆ. ಐದು ಮುಗಿಯಿತು.

ಉದ್ದನೆಯ ಹುಡುಗಿಯ ಅಪ್ಪ ಕೊನೆಗೆ ಬಂದ. ಸೈಕಲ್ ತಂದು ನನ್ನ ಮುಂದೆ ನಿಲ್ಲಿಸಿದ. ಬಾಳೆಕಂದು ಒಣಗಿ ಇನ್ನೂ ಅದಕ್ಕೇ ಅಂಟಿಕೊಂಡಿತ್ತು.

"ಅವಳೆಲ್ಲಪ್ಪ? ಕರಿ, ಸೀಟಿಗೆ ಕೂತು ನೋಡ್ಲಿ."

"ಮೊನ್ನೆ ಭಾನುವಾರ ಹೊಂಟೋದ್ಲು ಕಣವ್ವ, ಅವರತ್ತೆ ಜೊತೇಲಿ."

"ಯಾವತ್ತು ಬತ್ತಾಳೆ?"

"ಮಗು ನಡೆಯೋಗಂಟ ಇರ್ತಾಳೆ." ಒಣಗಿದ ಬಾಳೆಕಂದು ಬಿಚ್ಚುತ್ತಾ, "ನೀವ್ ಕರೀತಿದ್ದೀರ ಅಂತ ಹೇಳ್ತು. ಹಬ್ಬದ ಗಡಿಬಿಡೀಲಿ ನಾನೇ ಬರ್ಲಿಲ್ಲ" ಅಂದ.

ನಾನು ಸ್ಪ್ಯಾನರ್ ಎತ್ತಿಕೊಂಡೆ. ಅಚ್ಚಿನ ಎರಡು ನಟ್ಟು, ಸೀಟಿನ ಕೆಳಗಿನ ಎರಡು ನಟ್ಟು. ಕ್ಯಾರಿಯರ್ ಕೈಗೆ ಬಂತು. ಸೀಟಿನ ನಟ್ಟು ಸಡಿಲ ಮಾಡಿ, ಗೆರೆ ಕೊಳವೆಯ ಅಂಚಿಗೆ ಬರುವ ತನಕ ಇಳಿಸಿ ಮತ್ತೆ ಬಿಗಿ ಮಾಡಿದೆ. ಎಲ್ಲ ಸೇರಿ ಹತ್ತು ನಿಮಿಷ ಹಿಡಿಯಲಿಲ್ಲ. ಹಬ್ಬದ ದಿನವೂ ಅಷ್ಟೇ ಹಿಡಿಯುತ್ತಿತ್ತು.

ಶಾಲೆ ತೆರೆದ ಮೇಲೆ ಎಂಟು ಬೆಲ್ಲು ಹಾದು ಹೋದವು. ಕೈ ಮುರಿದುಕೊಂಡವಳೂ ಬಂದಳು. ಎರಡು ವರ್ಷ ಬಿಟ್ಟು ಅವರಲ್ಲಿ ಆರು ಜನ ಹತ್ತನೇ ತರಗತಿಯ ಪರೀಕ್ಷೆಗೆ ಕೂತರು. ಹೆಡ್‌ಮೇಷ್ಟ್ರು ನನಗೆ ಒಂದು ಶಾಲು ಹೊದಿಸಬೇಕು ಅಂದರು. ಬೇಡ ಅಂದೆ. ಅವರು ನಾಚಿಕೆ ಅಂದುಕೊಂಡರು.

ಉದ್ದನೆಯ ಹುಡುಗಿ ನೋಡಿಕೊಳ್ಳಲು ಹೋದ ಮಗು ನಡೆಯಿತು, ಓಡಿತು. ಆ ಮನೆಯಲ್ಲಿ ಇನ್ನೊಂದು ಮಗುವಾಯಿತು. ಅವಳು ಅಲ್ಲೇ ಉಳಿದಳು. ಒಂದು ಬೇಸಿಗೆಯಲ್ಲಿ ಊರಿಗೆ ಬಂದವಳು ಬಸ್ಸು ಕಾಯುತ್ತಾ ನನ್ನ ಅಂಗಡಿಯಲ್ಲಿ ಅರ್ಧ ಗಂಟೆ ಕೂತಿದ್ದಳು. ಕಂಕುಳಲ್ಲಿ ಆ ಮನೆಯ ಎರಡನೇ ಮಗು.

"ಪಂಕ್ಚರ್ ಹಾಕದು ಮರ್ತಿಲ್ಲಜ್ಜಿ" ಅಂದಳು. "ಅಲ್ಲಿ ಬಾವನ ಗಾಡಿಗೆ ನಾನೇ ಹಾಕದು. ಒಣಗಗಂಟ ಕಾಯಿ ಅಂದ್ರೆ ಅವರು ಕಾಯಕಿಲ್ಲ."

ನಾನು ಹಬ್ಬದ ದಿನದ ಮಾತು ಎತ್ತಿದೆ. ಅವತ್ತು ಬಿಚ್ಚಿಕೊಡಬೇಕಾಗಿತ್ತು, ತಪ್ಪಾಯಿತು ಅಂದೆ. ಅವಳು ಮಗುವಿನ ಮೂಗು ಒರೆಸಿ, "ಅವತ್ತು ಪೂಜೆ ಆಗಿತ್ತಲ್ಲಜ್ಜಿ, ನೀವೇನ್ ಮಾಡಕಾಯ್ತದೆ" ಅಂದಳು. ನನ್ನ ನೆಪವನ್ನು ಅವಳು ನಿಜ ಅಂತ ನಂಬಿಕೊಂಡಿದ್ದಳು. ಬಸ್ಸು ಬಂತು. ಅಲ್ಲ ಕಣಮ್ಮಿ, ಅದಲ್ಲ ಅಂತ ಹೇಳುವುದರೊಳಗೆ ಹತ್ತಿ ಹೋದಳು. ಹೇಳಲು ಅರ್ಧ ಗಂಟೆ ಇತ್ತು ನನಗೆ.

ಈಗಲೂ ಆಯುಧಪೂಜೆ ಮಾಡುತ್ತೇನೆ. ಹೋದ ವರ್ಷ ಮಣೆ ಮೇಲೆ ಸಾಮಾನು ಜೋಡಿಸುವಾಗ ಟೀ ಅಂಗಡಿಯವನು ಬಂದು ನೋಡಿ, "ಅವ್ವ, ಚಕ್ರದ ಸ್ಪ್ಯಾನರ್ ಇಟ್ಟೇ ಇಲ್ವಲ್ಲ, ಅದ್ಕೆ ಪೂಜೆ ಬ್ಯಾಡ್ವಾ?" ಅಂದ.

ಅದು ಆ ಹುಡುಗಿ ತಾಳವಾಡಿ ಕಡೆ ಹೋದ ಮೇಲೆ ಮಣೆ ಹತ್ತಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡಿರುತ್ತೇನೆ.

"ಅದ್ಕೆ ರಜ ಇಲ್ಲ" ಅಂದೆ.